ಇ1 ಲೈನಿಗೆ ಲೂಪ್ ಟೆಸ್ಟ್: ಲೂಪ್ ಬಿದ್ದಿರುವುದು ಎಲ್ಲಿ?

ಮಳೆಗಾಲ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಆಸ್ಪತ್ರೆ, ಕಾಲೇಜು, ಲಾಡ್ಜುಗಳ ಪಿಆರ್‌ಐ ಲೈನುಗಳು (2 ಎಂಬಿಯ ಒಂದೇ ಇ1 ಲೈನಿನಲ್ಲಿ 30 ಫೋನ್ ಚಾನೆಲ್ ಸಾಗಿಸುವ ಸಂಪರ್ಕ) ಕೈಕೊಡತೊಡಗುತ್ತವೆ. ಟೆಸ್ಟ್ ಮಾಡಲು ಬಂದವರು ಲೂಪ್ ಹಾಕುತ್ತಾರೆ (ಕಳಿಸಿದ ಸಿಗ್ನಲ್ ಒಂದು ಜಾಗದಿಂದ ಹಾಗೇ ವಾಪಸ್ ಬರುವಂತೆ ತಿರುಗಿಸುವುದು), ಮೀಟರಿನಲ್ಲಿ ಹಸಿರು ದೀಪ ಕಂಡ ಕೂಡಲೇ 'ಲೈನ್ ಸರಿಯಿದೆ, ನಿಮ್ಮ ಇಪಿಎಬಿಎಕ್ಸ್ (ಕಟ್ಟಡದೊಳಗಿನ ಫೋನ್ ಎಕ್ಸ್‌ಚೇಂಜ್) ನೋಡಿಸಿ' ಎಂದು ಹೊರಡುತ್ತಾರೆ. ಎಷ್ಟೋ ಸಲ ಆ ಲೂಪ್ ಅವರು ಅಂದುಕೊಂಡ ಜಾಗದಲ್ಲಿ ಇರುವುದೇ ಇಲ್ಲ.

ಬೇಕಾದದ್ದು 2 ಎಂಬಿ ಬರ್ಟ್ ಮೀಟರ್ (ಬಿಟ್‌ಗಳನ್ನು ಕಳಿಸಿ ಎಷ್ಟು ತಪ್ಪಾಗಿ ಬಂದವು ಎಂದು ಎಣಿಸುವ ಮೀಟರ್) ಮತ್ತು ಲೂಪ್ ಪ್ಲಗ್. 120 ಓಮ್‌ನ ಆರ್‌ಜೆ45 ಆದರೆ 1ನೇ ಪಿನ್ನನ್ನು 4ಕ್ಕೆ, 2ನೆಯದನ್ನು 5ಕ್ಕೆ ಸೇರಿಸಿ. ಈಥರ್‌ನೆಟ್‌ಗೆಂದು ಮಾರುವ ಲೂಪ್ ಪ್ಲಗ್‌ನಲ್ಲಿ 1–3, 2–6 ಸೇರಿರುತ್ತದೆ, ಇಲ್ಲಿ ಅದು ಕೆಲಸಕ್ಕೆ ಬಾರದು. 75 ಓಮ್‌ನ ಬಿಎನ್‌ಸಿ ಆದರೆ ಟಿಎಕ್ಸ್‌ನಿಂದ (ಕಳಿಸುವ ತುದಿ) ಆರ್‌ಎಕ್ಸ್‌ಗೆ (ಪಡೆಯುವ ತುದಿ) ಗೇಣುದ್ದದ ಕೇಬಲ್ ಸಾಕು. ಅಂಗಡಿಯವರು ಆರ್‌ಜಿ-58 ಕೊಟ್ಟರೆ ವಾಪಸ್ ಮಾಡಿ, ಅದು 50 ಓಮ್. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಪ್ಯಾಚ್ ಕಾರ್ಡ್‌ಗಳನ್ನಂತೂ ಮಲೆನಾಡಿನಲ್ಲಿ ಬಳಸಲೇಬೇಡಿ. ತೇವಕ್ಕೆ ಒಳಗಿನ ತಂತಿ ಪುಡಿಯಾಗುತ್ತದೆ.

ಲೂಪ್ ಬಿದ್ದರೆ 30 ಚಾನೆಲ್‌ಗಳೂ ಒಮ್ಮೆಗೇ ಸಾಯುತ್ತವೆ. ಎರಡೂ ತುದಿಯವರಿಗೆ ತಿಳಿಸಿ.

ಮೀಟರಿನಲ್ಲಿ ಲೈನ್ ಕೋಡ್ (ಬಿಟ್‌ಗಳನ್ನು ತಂತಿಯ ಮೇಲೆ ಕಳಿಸುವ ರೀತಿ) ಎಚ್‌ಡಿಬಿ3 ಇರಲಿ. ಫ್ರೇಮಿಂಗ್ (ಬಿಟ್‌ಗಳನ್ನು ಕಂತುಗಳಾಗಿ ಕಟ್ಟುವ ಕ್ರಮ) ಮತ್ತು ಸಿಆರ್‌ಸಿ-4 (ಎರರ್ ಪತ್ತೆಗೆ ಸೇರಿಸುವ ಲೆಕ್ಕ) ಲೈನಿನಲ್ಲಿ ಹೇಗಿದೆಯೋ ಹಾಗೇ ಇಡಿ. ಪ್ಯಾಟರ್ನ್‌ಗೆ 32,767 ಬಿಟ್‌ಗಳ ಪಿಆರ್‌ಬಿಎಸ್ (ಕ್ರಮವಿಲ್ಲದಂತೆ ಕಾಣುವ ಬಿಟ್ ಸರಣಿ) ಆರಿಸಿ. ಎಲ್ಲವೂ 1 ಇರುವ ಪ್ಯಾಟರ್ನ್ ಬೇಡ, ಫ್ರೇಮಿಂಗ್ ಇಲ್ಲದೆ ಕಳಿಸಿದರೆ ಅದು ಎಐಎಸ್ ಅಲಾರಂ (ಹಿಂದೆಲ್ಲೋ ಸಿಗ್ನಲ್ ಕಡಿದಿದೆ ಎನ್ನುವ ಸೂಚನೆ) ಆಗಿಯೇ ಕಾಣುತ್ತದೆ. ಆಚೆ ತುದಿಯಲ್ಲಿ ಲೂಪ್ ಇರುವಾಗ ಮೀಟರಿನ ಕ್ಲಾಕ್ (ಬಿಟ್‌ಗಳ ವೇಗಕ್ಕೆ ತಾಳ ಹಾಕುವ ಗಡಿಯಾರ) 'ಇಂಟರ್ನಲ್' ಇರಬೇಕು. ವಾಪಸ್ ಬಂದ ಸಿಗ್ನಲ್ಲಿನಿಂದಲೇ ಕ್ಲಾಕ್ ತೆಗೆದುಕೊಂಡರೆ ತನ್ನ ಬಾಲವನ್ನೇ ಅಟ್ಟುವ ನಾಯಿಯಂತೆ ಅದು ಸುತ್ತುತ್ತದೆ, ಆಧಾರಕ್ಕೆ ಬೇರೆ ಕ್ಲಾಕೇ ಇರುವುದಿಲ್ಲ.

ಇನ್ನು ಎಲ್ಲರೂ ಎಡವುವ ಹಂತ. ಆಚೆ ತುದಿಗೆ ಲೂಪ್ ಕಮಾಂಡ್ ಕೊಟ್ಟಿರಿ, ಮೀಟರ್ 'ಸಿಂಕ್' ಎಂದಿತು, ಅಂದರೆ ಕಳಿಸಿದ ಪ್ಯಾಟರ್ನ್ ವಾಪಸ್ ಸಿಕ್ಕಿತು. ಆದರೆ ಲೂಪ್ ಮಾಡಿದ್ದು ಯಾವ ಪೆಟ್ಟಿಗೆ? ನಡುವಿನ ಯಾವುದೋ ಮಕ್ಸ್ (ಹಲವು ಲೈನುಗಳನ್ನು ಒಂದರಲ್ಲಿ ಸೇರಿಸುವ ಪೆಟ್ಟಿಗೆ) ಆ ಕಮಾಂಡ್ ಹಿಡಿದಿರಬಹುದು. ಹಿಂದೆ ಯಾರೋ ಹಾಕಿ ಮರೆತ ಲೂಪ್ ಹತ್ತಿರದ ಮೋಡೆಮ್‌ನಲ್ಲೇ ಉಳಿದಿರಬಹುದು. ಮೀಟರ್ 'ಮಾನಿಟರ್' ಮೋಡ್‌ನಲ್ಲಿದ್ದರೆ ಪಕ್ಕದ ಜೋಡಿಯಿಂದ ಸೋರಿದ ತನ್ನದೇ ಸಿಗ್ನಲ್ಲನ್ನೂ ಅದು ಹಿಡಿಯುತ್ತದೆ. ಅದಕ್ಕೇ ಮೂರು ಪರೀಕ್ಷೆ ಮಾಡಿಯೇ ಮುಂದುವರಿಯಿರಿ.

ಮೊದಲು ಬೇಕೆಂದೇ 10 ಎರರ್ ಕಳಿಸಿ. ಹತ್ತೂ ವಾಪಸ್ ಬರಬೇಕು, ಇಲ್ಲವಾದರೆ ನೀವು ನೋಡುತ್ತಿರುವುದು ನಿಮ್ಮ ಸಿಗ್ನಲ್ ಅಲ್ಲ. ಆಮೇಲೆ ಲೂಪ್ ತೆಗೆಸಿ. ಸಿಂಕ್ ಆ ಕ್ಷಣವೇ ಹೋಗಬೇಕು. ಹೋಗದಿದ್ದರೆ ನಡುವೆ ಇನ್ನೊಂದು ಲೂಪ್ ಇದೆ. ಮೂರನೆಯದು ರೌಂಡ್ ಟ್ರಿಪ್ ಡಿಲೇ, ಅಂದರೆ ಸಿಗ್ನಲ್ ಹೋಗಿ ಬರಲು ಹಿಡಿಯುವ ಹೊತ್ತು. ನನ್ನ ಪ್ರಕಾರ ಇದಿಲ್ಲದ ಮೀಟರ್ ಕೊಳ್ಳಲೇಬಾರದು. ಫೈಬರ್‌ನಲ್ಲಿ ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಶಿವಮೊಗ್ಗದಿಂದ ಸಾಗರಕ್ಕೆ 70 ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿ ಬರಲು 700 ಮೈಕ್ರೋಸೆಕೆಂಡ್. ನಡುವಿನ ಮಕ್ಸ್‌ಗಳು ಇದಕ್ಕೆ ಇನ್ನಷ್ಟು ಸೇರಿಸುತ್ತವೆಯೇ ಹೊರತು ಕಡಿಮೆ ಮಾಡಲಾರವು. ಮೀಟರ್ 20 ತೋರಿಸಿದರೆ ನಿಮ್ಮ ಲೂಪ್ ಸಾಗರದಲ್ಲಿಲ್ಲ, ಶಿವಮೊಗ್ಗದಲ್ಲೇ ಇದೆ.

ಲೂಪ್‌ನಲ್ಲೂ ಎರಡು ಬಗೆ. ಲೈನ್ ಲೂಪ್ ಬಂದದ್ದನ್ನೆಲ್ಲ ಕ್ಲಾಕ್ ಸಮೇತ ಹಾಗೇ ತಿರುಗಿಸುತ್ತದೆ, ಹಾಗಾಗಿ ಕ್ಲಾಕ್ ದೋಷ ಇದರಲ್ಲಿ ಬಯಲಾಗುವುದಿಲ್ಲ. ಪೇಲೋಡ್ ಲೂಪ್ ಫ್ರೇಮನ್ನು ಹೊಸದಾಗಿ ಕಟ್ಟಿ ಕಳಿಸುತ್ತದೆ. ಹೋಗುವ ದಾರಿಯಲ್ಲಾದ ಸಿಆರ್‌ಸಿ ಎರರ್ ನಿಮಗೆ ಕಾಣುವುದಿಲ್ಲ, ಆದರೆ ಕ್ಲಾಕ್ ತಪ್ಪಿದ್ದರೆ ಸ್ಲಿಪ್ ಆಗುತ್ತದೆ. ಎರಡು ಕ್ಲಾಕ್‌ಗಳ ನಡುವೆ 10 ಪಿಪಿಎಂ (ಹತ್ತು ಲಕ್ಷಕ್ಕೆ 10) ವ್ಯತ್ಯಾಸವಿದ್ದರೆ 12.5 ಸೆಕೆಂಡಿಗೊಮ್ಮೆ 256 ಬಿಟ್‌ಗಳ ಒಂದು ಫ್ರೇಮ್ ಜಾರುತ್ತದೆ. ಎಣಿಸಿದಂತೆ ಒಂದೇ ಅಂತರದಲ್ಲಿ ಸಿಂಕ್ ತಪ್ಪುತ್ತಿದ್ದರೆ ಕ್ಲಾಕ್ ನೋಡಿ. ಹೊತ್ತುಗೊತ್ತಿಲ್ಲದೆ ಗುಂಪಾಗಿ ಎರರ್ ಬಂದರೆ ತಂತಿ ನೋಡಿ. ತೋಟದ ಪಂಪ್‌ಸೆಟ್ ಚಾಲೂ ಆದಾಗಲೇ ಬರುತ್ತಿದ್ದರೆ ಜೋಡಿಯ ಒಂದು ತಂತಿ ಎಲ್ಲೋ ಸಡಿಲವಾಗಿದೆ ಅಥವಾ ನೆಲಕ್ಕೆ ಸೋರುತ್ತಿದೆ ಎಂದೇ ಹಿಡಿದು ಹುಡುಕಿ.

ಜಾಗ ಹಿಡಿಯಲು ಲೂಪನ್ನು ಹತ್ತಿರದಿಂದ ದೂರಕ್ಕೆ ಒಂದೊಂದೇ ಕಡೆ ಹಾಕುತ್ತ ಹೋಗಿ: ನಿಮ್ಮ ಡಿಡಿಎಫ್ (ಇ1 ಕೇಬಲ್‌ಗಳನ್ನು ಜೋಡಿಸುವ ಚೌಕಟ್ಟು), ಈಚೆ ಮೋಡೆಮ್, ಆಚೆ ಮೋಡೆಮ್, ಆಚೆಯ ಡಿಡಿಎಫ್. ಎರರ್ ಶುರುವಾದ ಹಂತಕ್ಕೂ ಅದರ ಹಿಂದಿನ ಹಂತಕ್ಕೂ ನಡುವೆಯೇ ದೋಷ. ತಾಮ್ರದ ಜೋಡಿ ಇರುವ ಕಡೆ ಎಂಡಿಎಫ್‌ನ (ತಾಮ್ರದ ಜೋಡಿಗಳು ಬಂದು ಸೇರುವ ಚೌಕಟ್ಟು) ಕ್ರೋನ್ ಮಾಡ್ಯೂಲ್ (ತಂತಿ ಒತ್ತಿ ಕೂರಿಸುವ ಪಟ್ಟಿ) ಬಿಚ್ಚಿ ಟಾರ್ಚ್ ಹಿಡಿದು ನೋಡಿ, ಹಲ್ಲುಗಳ ಸಂದಿಯಲ್ಲಿ ಹಸಿರು ಕಿಲುಬು ಕಂಡರೆ ಉಜ್ಜಲು ಹೋಗಬೇಡಿ, ಜೋಡಿಯನ್ನೇ ಬೇರೆ ಮಾಡ್ಯೂಲಿಗೆ ಬದಲಿಸಿ. ಮುಂಗಾರು ಪೂರ್ವದ ಸಿಡಿಲು ಹೊಡೆದ ಮೇಲೆ ಪ್ರೊಟೆಕ್ಟರ್‌ನ (ಸಿಡಿಲಿನಿಂದ ಲೈನನ್ನು ಕಾಯುವ ಭಾಗ) ಗ್ಯಾಸ್ ಟ್ಯೂಬ್ ಅರ್ತ್‌ಗೆ ಸೋರುವುದುಂಟು, ಅದನ್ನು ತೆಗೆದು ಮತ್ತೆ ಅಳೆಯಿರಿ.

ಐದು ನಿಮಿಷದ ಟೆಸ್ಟ್‌ಗೆ ಬೆಲೆಯಿಲ್ಲ. 15 ನಿಮಿಷದಲ್ಲಿ ಹೋಗುವುದು ಸುಮಾರು 184 ಕೋಟಿ ಬಿಟ್, ಅದು ಆರಂಭಕ್ಕೆ ಸರಿ. ಮಳೆಯ ದೂರಿದ್ದರೆ ಮಳೆ ಬೀಳುವ ರಾತ್ರಿಯೇ 24 ಗಂಟೆಯ ಟೆಸ್ಟ್ ಶುರುಮಾಡಿ. ಬಿಸಿಲಿನ ಮಧ್ಯಾಹ್ನ ಪಾಸಾದ ಆಗುಂಬೆಯ ಲೈನಿನ ಬಗ್ಗೆ ಏನೂ ಹೇಳಲಾಗದು.

ಮುಗಿದ ಮೇಲೆ ಲೂಪ್ ತೆಗೆದು, ಆರ್‌ಎಐ ಅಲಾರಂ (ಆಚೆ ತುದಿಗೆ ನಿಮ್ಮ ಸಿಗ್ನಲ್ ಸರಿಯಾಗಿ ಸಿಗುತ್ತಿಲ್ಲ ಎನ್ನುವ ಸೂಚನೆ) ಹೋಗಿದೆಯೇ, ಡಿ-ಚಾನೆಲ್ (ಕರೆ ಜೋಡಿಸುವ ಸಂದೇಶಗಳ ಚಾನೆಲ್) ಎದ್ದಿದೆಯೇ ನೋಡಿ, ಒಳಗೊಂದು ಹೊರಗೊಂದು ಕರೆ ಮಾಡಿ. ದೂರದಿಂದಲೇ ಲೂಪ್ ಹಾಕುವಾಗ, ಟೆಸ್ಟ್ ಮುಗಿಯುವಷ್ಟು ಹೊತ್ತಾದ ಮೇಲೆ ಲೂಪ್ ತಾನಾಗಿಯೇ ಬಿಚ್ಚುವಂತೆ ಮೊದಲು ಟೈಮರ್ ಇಡಿ. ಆ ಉಪಕರಣದ ಮ್ಯಾನೇಜ್‌ಮೆಂಟ್ ಅದೇ ಲೈನಿನಲ್ಲಿದ್ದರೆ ಲೂಪ್ ಬಿದ್ದೊಡನೆ ನಿಮ್ಮ ಸಂಪರ್ಕವೂ ತಪ್ಪುತ್ತದೆ, ಟೈಮರ್ ಇಲ್ಲದಿದ್ದರೆ ಅದನ್ನು ತೆಗೆಯಲು ಹೊಸನಗರಕ್ಕೆ ಯಾರಾದರೂ ಬಸ್ಸು ಹತ್ತಬೇಕಾಗುತ್ತದೆ.