ಹಸು ಕಂದು ಹಾಕಿದಾಗ: ಮಾಸಿಗೆ ಬರಿಗೈ ಬೇಡ

ಐದು ತಿಂಗಳು ದಾಟಿದ ಗಬ್ಬದ ಹಸು ಕಂದು ಹಾಕಿದರೆ (ಗರ್ಭಪಾತವಾದರೆ) ಮೊದಲ ಅನುಮಾನ ಬ್ರುಸೆಲ್ಲಾ ಮೇಲಿರಲಿ. ಕಂದು, ಮಾಸು, ಸೋರುವ ನೀರಿನಲ್ಲಿ ಈ ಬ್ಯಾಕ್ಟೀರಿಯಾ ತುಂಬಿರುತ್ತದೆ. ಕೈಯ ಸಣ್ಣ ಗೀರು, ಕಣ್ಣಿಗೆ ಸಿಡಿದ ಒಂದು ಹನಿ ಸಾಕು, ಮನುಷ್ಯರಿಗೂ ಅಂಟುತ್ತದೆ.

ಮಾಸು ಬೀಳದಿದ್ದರೆ ಎಳೆಯಬೇಡಿ, ಪಶುವೈದ್ಯರನ್ನು ಕರೆಸಿ. ಗರ್ಭಿಣಿಯರು, ಮಕ್ಕಳು ಕೊಟ್ಟಿಗೆಗೆ ಬರಬಾರದು. ಭುಜದವರೆಗಿನ ಪ್ಲಾಸ್ಟಿಕ್ ಗ್ಲೌಸ್, ಮಾಸ್ಕ್, ಕನ್ನಡಕ, ಗಂಬೂಟು ಹಾಕಿಕೊಳ್ಳಿ. ವೈದ್ಯರು ಮಾದರಿ ತೆಗೆದ ಮೇಲೆ ಕಂದು, ಮಾಸು, ನೆನೆದ ಹುಲ್ಲು ಎಲ್ಲವನ್ನೂ ಬಾವಿಯಿಂದ ದೂರ, ನಾಲ್ಕಡಿಗಿಂತ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ತಿಪ್ಪೆಗೆ ಎಸೆದರೆ ನಾಯಿ ಊರೆಲ್ಲಾ ಎಳೆದಾಡುತ್ತದೆ. ನೆಲದ ಸಗಣಿ, ರಕ್ತ ಬಳಿದ ನಂತರವೇ ಬ್ಲೀಚಿಂಗ್ ಪೌಡರ್ ನೀರು ಹಾಕಿ. ಕೊಳೆಯ ಮೇಲೆ ಸುರಿದರೆ ಅದರ ಶಕ್ತಿ ಅಲ್ಲೇ ಮುಗಿಯುತ್ತದೆ. ಪೈಪಿನಿಂದ ರಭಸವಾಗಿ ತೊಳೆದರೆ ತುಂತುರು ಉಸಿರಿಗೆ ಹೋಗುತ್ತದೆ.

ಕಂದು ಹಾಕಿದ ತಕ್ಷಣದ ರಕ್ತಪರೀಕ್ಷೆ ಕೆಲವೊಮ್ಮೆ ನೆಗೆಟಿವ್ ಬರುತ್ತದೆ. ಮೂರು ವಾರ ಬಿಟ್ಟು ಮತ್ತೆ ಮಾಡಿಸಿ. ಅಲ್ಲಿಯವರೆಗೆ ಹಸುವನ್ನು ಬೇರೆ ಕಟ್ಟಿ, ದಯವಿಟ್ಟು ಸಂತೆಗೆ ಹೊಡೆಯಬೇಡಿ. ಮುಂದಿನ ಸಲ ಅದು ಸಲೀಸಾಗಿ ಈದರೂ ಹಾಲಿನಲ್ಲಿ ರೋಗ ಇರಬಹುದು. ಹಾಲು ಉಕ್ಕುವಂತೆ ಕಾಯಿಸಿ. ಗಿಣ್ಣವನ್ನೂ ಹಸಿಯಾಗಿ ಕುಡಿಯಬೇಡಿ.

ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ ಲಸಿಕೆ. ಗಬ್ಬದ ಹಸುವಿಗೆ, ಹೋರಿಗೆ ಬೇಡ.

ಮನೆಯವರಲ್ಲಿ ಯಾರಿಗಾದರೂ ವಾರಗಟ್ಟಲೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಕೀಲು ನೋವು, ಗಂಡಸರಲ್ಲಿ ವೃಷಣದ ಊತ ಕಂಡರೆ ಡಾಕ್ಟರಿಗೆ "ಮನೆಯಲ್ಲಿ ಹಸು ಕಂದು ಹಾಕಿದೆ" ಎಂದು ನೀವೇ ಹೇಳಿ. ಹೇಳದಿದ್ದರೆ ಟೈಫಾಯಿಡ್ ಎಂದುಕೊಳ್ಳುವುದುಂಟು. ಸಾಮಾನ್ಯವಾಗಿ ಎರಡು ಬಗೆಯ ಔಷಧಿ, ಕನಿಷ್ಠ ಆರು ವಾರ. ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಿದರೆ ಮರುಕಳಿಸುತ್ತದೆ.