ಹಾಜರಿ ಕರೆಯಲು ಒಬ್ಬರು ಬೇಕು

ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ನನ್ನ ಮೊಬೈಲಿಗೆ ಹತ್ತೊಂಬತ್ತು ಜನರಿಂದ ಅಂಕಿಗಳು ಬರುತ್ತವೆ. 31, 4, 17, 8. ಬರೀ ಅಂಕಿ, ಜೊತೆಗೆ ಬೇರೆ ಮಾತಿಲ್ಲ. ಬೇಲೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆದಾಗ ನಾವು ಎದ್ದು ನಿಂತು ‘ಹಾಜರ್ ಸಾರ್’ ಎನ್ನುತ್ತಿದ್ದ ನಂಬರುಗಳು ಅವು. ನನ್ನದು 26.

ನಾವು ಎಸ್‌ಎಸ್‌ಎಲ್‌ಸಿ ಬರೆದದ್ದು 1973ರಲ್ಲಿ. ಅದೇ ವರ್ಷ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ನಮ್ಮ ಅಂಕಪಟ್ಟಿಯಲ್ಲಿ ಮಾತ್ರ ಮೈಸೂರು ರಾಜ್ಯ ಎಂದೇ ಉಳಿದಿದೆ. ತರಗತಿಯಲ್ಲಿ 41 ಜನ ಇದ್ದೆವು. ಹಾಸನದ ಅಂಚೆ ಕಚೇರಿಯಿಂದ ನಾನು ನಿವೃತ್ತಳಾದ ಮೇಲೆ ಒಬ್ಬೊಬ್ಬರನ್ನೇ ಹುಡುಕುತ್ತ ಹೋದೆ. 36 ಜನರ ಸುಳಿವು ಸಿಕ್ಕಿತು. ಅವರಲ್ಲಿ ಒಂಬತ್ತು ಮಂದಿ ಈಗಿಲ್ಲ. ಉಳಿದ ಇಪ್ಪತ್ತೇಳು ಜನ ಇಂದಿಗೂ ಒಬ್ಬರನ್ನೊಬ್ಬರು ಬಿಟ್ಟಿಲ್ಲ. ಹೀಗೆ ತಮ್ಮ ಓರಗೆಯವರನ್ನು ಕೂಡಿಸಿಕೊಳ್ಳಬೇಕೆಂದಿರುವವರಿಗೆ ನಮಗೆ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಒಂದು ಎಚ್ಚರಿಕೆ. ಶಾಮಿಯಾನ, ಶಾಲು, ಹಾರ, ನೆನಪಿನ ಕಾಣಿಕೆಗಳಿಂದ ಶುರು ಮಾಡಬೇಡಿ. ಆ ರೀತಿ ದೊಡ್ಡದಾಗಿ ಒಮ್ಮೆ ಸೇರಿ, ಫೋಟೊ ತೆಗೆಸಿಕೊಂಡು, ಮತ್ತೆ ಒಬ್ಬರ ಮುಖ ಒಬ್ಬರು ನೋಡದ ಎಷ್ಟೋ ತರಗತಿಗಳನ್ನು ನಾನು ಬಲ್ಲೆ. ಒಂದು ನೋಟ್‌ಬುಕ್ಕಿನಿಂದ ಶುರು ಮಾಡಿ. ಮತ್ತು ಬಾರದವರು ಏಕೆ ಬರಲಿಲ್ಲ ಎಂದು ವಿಚಾರಿಸುವ ಹೊಣೆಯನ್ನು ಒಬ್ಬರು ಹೊರಬೇಕು. ಬರುವವರು ಹೇಗೂ ಬರುತ್ತಾರೆ.

ಹೆಸರುಗಳು ನೆನಪಿಲ್ಲವೆಂದು ಅಂಜಬೇಡಿ. ಶಾಲೆಯ ದಾಖಲಾತಿ ಪುಸ್ತಕ ಶಾಶ್ವತ ದಾಖಲೆ. ಹಾಜರಿ ಪುಸ್ತಕಗಳು ಹಾಳಾಗಿದ್ದರೂ ಅದು ಇರುತ್ತದೆ. ಮುಖ್ಯೋಪಾಧ್ಯಾಯರಿಗೆ ಒಂದು ಅರ್ಜಿ ಕೊಟ್ಟು ಕೇಳಿ. ಹೆಸರು, ತಂದೆಯ ಹೆಸರು, ಊರು, ಈ ಮೂರನ್ನು ಬರೆದುಕೊಂಡರೆ ಸಾಕು. ಜಾತಿಯ ಕಾಲಂ ನಿಮಗೆ ಬೇಡ.

ಗಂಡಸರನ್ನು ಹುಡುಕುವುದು ಸುಲಭ. ಊರಿನ ಹಾಲಿನ ಡೇರಿಯಲ್ಲೋ ಸೊಸೈಟಿಯಲ್ಲೋ ತಂದೆಯ ಹೆಸರು ಹೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ಹೆಂಗಸರ ವಿಷಯ ಹಾಗಲ್ಲ. ಮದುವೆಯಾಗಿ ಹೋದ ಮೇಲೆ ಊರು ಬದಲಾಗಿರುತ್ತದೆ, ಕೆಲವರಿಗೆ ಹೆಸರೇ ಬದಲಾಗಿರುತ್ತದೆ. ನಮ್ಮ ತರಗತಿಯ ಹನ್ನೊಂದು ಹುಡುಗಿಯರಲ್ಲಿ ಮೊದಲ ವರ್ಷ ನನಗೆ ಸಿಕ್ಕವರು ಮೂವರು ಮಾತ್ರ. ಆಮೇಲೆ ಗೌರಿ ಹಬ್ಬದ ಹಿಂದಿನ ವಾರ ಅವರವರ ತವರೂರಿಗೆ ಹೋದೆ. ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಬಾಗಿನ ಕೊಡುವ ಕಾಲ ಅದು. ‘ನಿಮ್ಮ ಅಕ್ಕನ ಬಾಗಿನ ಯಾವ ಊರಿಗೆ ಹೋಗುತ್ತದೆ?’ ಎಂದು ಕೇಳಿದೆ. ಅಣ್ಣ ಇಲ್ಲದ ಮನೆಯಲ್ಲಿ ಅಣ್ಣನ ಮಗ ಹೇಳಿದ. ಒಂದೇ ಹಬ್ಬದಲ್ಲಿ ಐದು ವಿಳಾಸಗಳು ದೊರೆತವು.

ವಿಳಾಸ ಸಿಕ್ಕಿತೆಂದು ತರಗತಿಯ ಗಂಡಸರು ನೇರವಾಗಿ ಫೋನ್ ಮಾಡಬಾರದು. ಹೆಂಗಸರಿಗೆ ಹೆಂಗಸರೇ ಮಾಡಲಿ. ಮೊದಲ ಸಲ ಸೊಸೆಯೊಡನೆಯೋ ಮಗಳೊಡನೆಯೋ ಎರಡು ಮಾತಾಡಿ, ನಾವು ಯಾರು, ಏಕೆ ಕರೆಯುತ್ತಿದ್ದೇವೆ ಎಂದು ತಿಳಿಸಿ. ಅರವತ್ತು ದಾಟಿದ ಹೆಂಗಸೂ ಮನೆಯವರಿಗೆ ಹೇಳಿಯೇ ಹೊಸ್ತಿಲು ದಾಟುವ ಮನೆಗಳು ನಮ್ಮ ಕಡೆ ಇನ್ನೂ ಬಹಳ ಇವೆ. ಒಪ್ಪಿಗೆ ಸಿಕ್ಕ ಮೇಲೆ ಆಕೆ ತಾನೇ ಬರುತ್ತಾಳೆ. ನಮ್ಮಲ್ಲಿ ಹುಡುಗರು ತಮ್ಮತಮ್ಮಲ್ಲಿ ‘ಏನೋ’, ಹುಡುಗಿಯರು ತಮ್ಮತಮ್ಮಲ್ಲಿ ‘ಏನೇ’ ಎಂದು ಮಾತನಾಡುತ್ತಿದ್ದೆವು; ಹುಡುಗರಿಗೂ ನಮಗೂ ಮಾತೇ ಇರಲಿಲ್ಲ. ಮೊದಲ ಭೇಟಿಯಲ್ಲಿ ಎಲ್ಲರೂ ‘ನೀವು’ ಎಂದೇ ಶುರುಮಾಡಿದೆವು. ಊಟಕ್ಕೆ ಕುಳಿತಾಗ ನಾಲ್ಕನೇ ನಂಬರಿನವನು ‘ಇನ್ನೊಂದು ಸ್ವಲ್ಪ ಸಾರು ಹಾಕಿಸಿಕೋ’ ಎಂದ. ಅರವತ್ತೆರಡನೇ ವಯಸ್ಸಿನಲ್ಲಿ ಸಿಕ್ಕ ಆ ಏಕವಚನ ನನಗೆ ಎಷ್ಟು ಹಿತವಾಯಿತೆಂದು ಹೇಳಲಾರೆ.

ದಿನ ಗೊತ್ತು ಮಾಡುವಾಗ ನಮ್ಮ ಸೀಮೆಯ ಬೇಸಾಯದ ಲೆಕ್ಕ ಮುಖ್ಯ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕುಯ್ಲು, ಕಣದ ತುಂಬ ಹಣ್ಣು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಮಲೆನಾಡ ಕಡೆಯವರು ಹೊರಬರಲಾರರು. ಅಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಹಾಸನದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪಿತೃಪಕ್ಷದಲ್ಲಿ ಬರಲು ಕೆಲವರಿಗೆ ಮನಸ್ಸಿರುವುದಿಲ್ಲ. ಮಾರ್ಚ್ ಬಂತೆಂದರೆ ಬೆಂಗಳೂರಿನಲ್ಲಿರುವ ಅಜ್ಜಿಯರು ಮೊಮ್ಮಕ್ಕಳ ಪರೀಕ್ಷೆ ಬಿಟ್ಟು ಬರಲಾರರು. ಎಲ್ಲವನ್ನೂ ತೂಗಿ ನಾವು ಫೆಬ್ರುವರಿಯ ಕೊನೆಯ ಭಾನುವಾರವನ್ನು ಹಿಡಿದೆವು, ಮತ್ತೆ ಬದಲಿಸಲಿಲ್ಲ. ಕೊರೊನಾದ ವರ್ಷ ಬಿಟ್ಟರೆ ಅದೇ ದಿನ. ಪ್ರತಿ ವರ್ಷ ದಿನ ಹುಡುಕಲು ಕುಳಿತರೆ ಆ ಚರ್ಚೆಯಲ್ಲೇ ಇಬ್ಬರು ಮುನಿಸಿಕೊಳ್ಳುತ್ತಾರೆ.

ಊರು ಬೇಲೂರು. ಹಾಸನದಿಂದ ಸುಮಾರು 40 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಸುಮಾರು 25. ಎರಡು ಕಡೆಯವರಿಗೂ ನೇರ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲವೆಂದಾದ ಮೇಲೆ ನಮ್ಮ ಸಭೆಗೆ ಬರುವ ಗೆಳತಿಯರು ನಾಲ್ವರಿಂದ ಎಂಟಾದರು. ಬಸ್ಸಿಗೆ ಮಗನ ಮುಂದೆ ಕೈಚಾಚಬೇಕಾಗಿತ್ತೆಂದು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಗಂಡಸರಿಗೂ 60 ದಾಟಿದ್ದರೆ ಶೇಕಡ 25ರಷ್ಟು ರಿಯಾಯಿತಿ ಇದೆ. ಗುರುತಿನ ಚೀಟಿ ತರಲು ಹಿಂದಿನ ದಿನ ನೆನಪಿಸಿ.

ಸ್ಥಳದ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಒಂದು ವರ್ಷ ನಮ್ಮವನೊಬ್ಬನ ಎಸ್ಟೇಟ್ ಬಂಗಲೆಯಲ್ಲಿ ಸೇರಿದೆವು. ಅವನು ಪ್ರೀತಿಯಿಂದಲೇ ಕರೆದಿದ್ದ, ಉಪಚಾರಕ್ಕೆ ಕೊರತೆ ಮಾಡಲಿಲ್ಲ. ಆದರೆ ನಮ್ಮ ತರಗತಿಯಲ್ಲಿ ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯಾಳುಗಳ ಸಾಲುಮನೆಗಳಿಂದ, ಬಂದು ಓದಿದವರೂ ಇದ್ದರು. ಅವರಲ್ಲಿ ಒಬ್ಬಾಕೆ ಅಂದು ವರಾಂಡದ ಅಂಚಿನಲ್ಲೇ ಕುಳಿತಿದ್ದಳು, ಮುಂದಿನ ವರ್ಷ ಬರಲಿಲ್ಲ. ಅವಳ ಅಪ್ಪ ಅಂಥ ಬಂಗಲೆಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದುದನ್ನು ಅವಳು ಮರೆತಿಲ್ಲ. ನಾನು ಮೂರು ಸಲ ಮನೆಗೆ ಹೋಗಿ ಬಂದ ಮೇಲೆ ಮತ್ತೆ ಬಂದಳು. ಯಾರ ಮನೆಯೂ ಬೇಡ. ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ, ಎಲ್ಲರಿಗೂ ಸಮಾನವಾದ ಒಂದು ಜಾಗ ಹುಡುಕಿ.

ಆ ಜಾಗದಲ್ಲಿ ಮೊದಲು ಶೌಚಾಲಯ ನೋಡಿ, ಆಮೇಲೆ ಅಡುಗೆಮನೆ. ನೆಲಮಹಡಿಯಲ್ಲಿರಬೇಕು, ಕಮೋಡ್ ಇರಬೇಕು, ದಾರಿಯಲ್ಲಿ ಮೆಟ್ಟಿಲಿರಬಾರದು. ಮಂಡಿನೋವಿನವರು ಇದೊಂದೇ ಕಾರಣಕ್ಕೆ ಬೆಳಿಗ್ಗೆಯಿಂದ ನೀರು ಕುಡಿಯದೆ ಬಂದು ಕೂರುತ್ತಾರೆ. ಕುರ್ಚಿಗಳಿಗೆ ಕೈ ಇರಲಿ. ಕೈ ಇಲ್ಲದ ಕುರ್ಚಿಯಿಂದ ಏಳುವುದು ನಮ್ಮ ವಯಸ್ಸಿಗೆ ಕಷ್ಟ. ಊಟ ಹನ್ನೆರಡೂವರೆಗೆ ಎಂದರೆ ಹನ್ನೆರಡೂವರೆಗೇ ಬಡಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಂಡವರಿಗೆ ಊಟ ತಡವಾದರೆ ಸಕ್ಕರೆ ಅಂಶ ಇಳಿದು ಬೆವರು, ನಡುಕ, ತಲೆಸುತ್ತು ಬರುತ್ತದೆ. ನಾನು ಚೀಲದಲ್ಲಿ ಬಾಳೆಹಣ್ಣು, ಗ್ಲೂಕೋಸ್ ಪುಡಿ ಇಟ್ಟುಕೊಂಡಿರುತ್ತೇನೆ. ಅಡುಗೆ ಮೃದುವಾಗಿರಲಿ: ಮುದ್ದೆ, ಹಿತಕಿದ ಅವರೆಬೇಳೆ ಸಾರು, ಕಡುಬು. ಅಕ್ಕಿ ರೊಟ್ಟಿಯ ಆಸೆ ಎಲ್ಲರಿಗೂ ಇದೆ, ಹಲ್ಲು ಎಲ್ಲರಿಗೂ ಇಲ್ಲ. ಮಾಡಿಸಿದರೆ ಬಿಸಿಯಿರುವಾಗಲೇ ಬಡಿಸಿ.

ಮೈಕ್ ಬೇಡ. ಕಿವಿ ಮಂದವಾಗುವಾಗ ಸಾಮಾನ್ಯವಾಗಿ ಮೊದಲು ಕೈತಪ್ಪುವುದು ಸ, ಶ, ಫದಂಥ ತೆಳುವಾದ ಸದ್ದುಗಳು. ಧ್ವನಿವರ್ಧಕದಲ್ಲಿ ಗದ್ದಲ ಹೆಚ್ಚುತ್ತದೆ, ಮಾತು ತಿಳಿಯಾಗುವುದಿಲ್ಲ. ಕೇಳಿಸದವರು ‘ಏನೆಂದೆ?’ ಎಂದು ಎರಡು ಸಲ ಕೇಳಿ, ಮೂರನೆಯ ಸಲ ಸುಮ್ಮನಾಗುತ್ತಾರೆ. ಮುಂದಿನ ವರ್ಷ ‘ಮೈ ಸರಿಯಿಲ್ಲ’ ಎಂದು ಮನೆಯಲ್ಲೇ ಉಳಿಯುತ್ತಾರೆ. ಐದೈದು ಜನ ಮುಖ ಕಾಣುವಂತೆ ಗುಂಡಗೆ ಕೂರಿ, ಕಿರುಚದೆ ನಿಧಾನವಾಗಿ ಬಿಡಿಸಿ ಮಾತನಾಡಿ.

ಹೂವು ಕುಂಕುಮ ಕೊಟ್ಟರೆ ಎಲ್ಲ ಹೆಂಗಸರಿಗೂ ಕೊಡಿ, ಇಲ್ಲವೇ ತಟ್ಟೆಯನ್ನೇ ತರಬೇಡಿ. ನಮ್ಮ ಗೆಳತಿಯರಲ್ಲಿ ಐವರಿಗೆ ಗಂಡ ಇಲ್ಲ. ತಟ್ಟೆ ಒಬ್ಬಳನ್ನು ದಾಟಿ ಮುಂದೆ ಹೋದ ಕ್ಷಣದಲ್ಲಿ ಅವಳು ನಮ್ಮ ಸಹಪಾಠಿಯಾಗಿ ಉಳಿಯುವುದಿಲ್ಲ.

ಇನ್ನು ದಿನದಿನದ ಹಾಜರಿ. ಮೊಬೈಲ್ ಗುಂಪಿನಲ್ಲಿ ಒಂಬತ್ತು ಗಂಟೆಯೊಳಗೆ ನಿಮ್ಮ ನಂಬರ್ ಹಾಕಬೇಕು, ಇದೊಂದೇ ಕಡ್ಡಾಯ. ಪಕ್ಷ ರಾಜಕೀಯ, ಚೀಟಿ, ವಿಮೆ ಪಾಲಿಸಿಯ ಮಾತು ಅಲ್ಲಿ ಬರಕೂಡದು. ಸ್ಮಾರ್ಟ್ ಫೋನ್ ಇಲ್ಲದ ಏಳು ಜನರಿಗೆ ಒಬ್ಬೊಬ್ಬ ಜೊತೆಗಾರರಿದ್ದಾರೆ. ಅವರು ಕರೆ ಮಾಡಿ ವಿಚಾರಿಸಿ, ಇಬ್ಬರ ನಂಬರನ್ನೂ ಹಾಕುತ್ತಾರೆ. ಒಂಬತ್ತೂವರೆಗೆ ನಾನು ಪುಸ್ತಕ ತೆಗೆದು ನೋಡುತ್ತೇನೆ. ಬಾರದ ನಂಬರಿಗೆ ಫೋನ್. ಎತ್ತದಿದ್ದರೆ ಪಕ್ಕದ ಮನೆಗೆ ಫೋನ್.

ಈ ಪಕ್ಕದ ಮನೆಯ ನಂಬರ್ ಇಲ್ಲದೆ ನಿಮ್ಮ ಪುಸ್ತಕ ಪೂರ್ತಿಯಲ್ಲ. ನಾವೂ ಮೊದಲು ಮಕ್ಕಳ ನಂಬರನ್ನಷ್ಟೇ ಬರೆದುಕೊಂಡಿದ್ದೆವು. ಎರಡು ವರ್ಷಗಳ ಹಿಂದೆ ಅರೇಹಳ್ಳಿ ಕಡೆಯ ಹನ್ನೊಂದನೇ ನಂಬರಿನವನು ಹಾಜರಿ ಹಾಕಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನು ಒಬ್ಬನೇ ಇರುತ್ತಾನೆ, ಮಗ ಬೆಂಗಳೂರಿನಲ್ಲಿ. ಮಗನಿಗೆ ಮಾಡಿದೆ, ಅವನು ಯಾವುದೋ ಸಭೆಯಲ್ಲಿದ್ದ. ಎತ್ತಿದ್ದರೂ ಅಷ್ಟು ದೂರದಿಂದ ಏನು ಮಾಡುತ್ತಿದ್ದ? ಹತ್ತಿರದ ಊರಿನ ಎಂಟನೇ ನಂಬರಿನವನು ಬೈಕ್ ಹತ್ತಿ ಹೋಗಿ ಹಿತ್ತಲ ಬಾಗಿಲು ಮುರಿದ. ಬಚ್ಚಲಲ್ಲಿ ಜಾರಿ ಬಿದ್ದು, ತೊಡೆಯ ಮೂಳೆ ಮುರಿದು, ಬೆಳಗಿನ ಐದರಿಂದ ಅಲ್ಲೇ ಬಿದ್ದಿದ್ದ. 108 ಆಂಬುಲೆನ್ಸ್ ಕರೆದು ಹಾಸನಕ್ಕೆ ಸಾಗಿಸಿದರು. ಈಗ ಕೋಲು ಹಿಡಿದು ನಡೆಯುತ್ತಾನೆ, ಬಚ್ಚಲಿನ ಬಾಗಿಲಿಗೆ ಒಳಚಿಲಕ ಹಾಕುವುದಿಲ್ಲ. ಆವತ್ತಿನಿಂದ ಎಲ್ಲರ ಹೆಸರಿನ ಮುಂದೆಯೂ ನೆರೆಯವರ ನಂಬರ್ ಬರೆದುಕೊಂಡೆವು.

ಹಣದ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಅಂಚೆ ಕಚೇರಿಯಲ್ಲಿ ‘ಎ’ ಮಾದರಿಯ ಜಂಟಿ ಉಳಿತಾಯ ಖಾತೆ ತೆರೆಯಿರಿ. ಇಬ್ಬರೂ ಸಹಿ ಮಾಡದೆ ಹಣ ಬರುವುದಿಲ್ಲ. ಕಷ್ಟಕ್ಕೆ ಕೊಟ್ಟರೆ ಕೊಟ್ಟದ್ದೆಂದು ಬರೆಯಿರಿ, ಸಾಲವೆಂದು ಎಂದೂ ಕೊಡಬೇಡಿ. ಐದು ಸಾವಿರದ ಸಾಲ ತೀರಿಸಲಾಗದೆ ಒಬ್ಬ ಗೆಳೆಯ ಎರಡು ವರ್ಷ ನಮ್ಮ ಕಣ್ಣು ತಪ್ಪಿಸಿ ತಿರುಗಿದ. ಆ ಎರಡು ವರ್ಷಗಳು ನಮಗೆ ಮತ್ತೆ ಸಿಗುವುದಿಲ್ಲ.

ಮರೆವಿನ ಕಾಯಿಲೆ ಬಂದವರ ಬಳಿ ಹೋದಾಗ ‘ನಾನು ಯಾರು ಹೇಳು ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ. ಅದು ಅವರನ್ನು ಕುಗ್ಗಿಸುತ್ತದೆ. ಹೆಸರು, ಊರು ನೀವೇ ಹೇಳಿ ಕುಳಿತುಕೊಳ್ಳಿ. ಬೆಳಗಿನ ತಿಂಡಿ ನೆನಪಿಲ್ಲದವರಿಗೂ ಬಾಲ್ಯದ್ದು ಬಹುಕಾಲ ಉಳಿದಿರುತ್ತದೆ. ನಮ್ಮ ಮೂರನೇ ನಂಬರಿನವನಿಗೆ ಮಗಳ ಹೆಸರು ತಪ್ಪುತ್ತದೆ. ಆದರೆ ನಾನು ‘ಒಂದು’, ‘ಎರಡು’ ಎಂದು ನಿಲ್ಲಿಸಿದರೆ ಕುರ್ಚಿಯಿಂದ ಏಳಲು ನೋಡುತ್ತಾನೆ.

ಸಾವಿನ ಮನೆಗೆ ಎಲ್ಲರೂ ಹೋಗುತ್ತಾರೆ. ತಿಥಿ ಮುಗಿದು, ನೆಂಟರು ಹೊರಟು, ಶಾಮಿಯಾನ ಬಿಚ್ಚಿದ ಮೂರನೆಯ ವಾರ ಇಬ್ಬರಾದರೂ ಹೋಗಿ. ಹೋದವನ ಹೆಂಡತಿಯನ್ನು ಫೆಬ್ರುವರಿಯ ಸಭೆಗೆ ಅವನ ನಂಬರಿನ ಮೇಲೆಯೇ ಕರೆಯಿರಿ. ನಮ್ಮಲ್ಲಿ ಇಬ್ಬರು ಹಾಗೆ ಬರುತ್ತಾರೆ. ಗಂಡ ಹದಿನಾಲ್ಕನೇ ವಯಸ್ಸಿನಲ್ಲಿ ಹೇಗಿದ್ದನೆಂದು ಅವರಿಗೆ ಹೇಳಬಲ್ಲವರು ನಾವು ಮಾತ್ರ.

ಸುಳಿವು ಸಿಗದ ಐವರಲ್ಲಿ ಇಪ್ಪತ್ಮೂರನೇ ನಂಬರ್ ನನ್ನ ಬೆಂಚಿನವಳು. ನಮ್ಮಿಬ್ಬರಿಗೂ ಇದ್ದದ್ದು ಒಂದೇ ಜಾಮಿಟ್ರಿ ಬಾಕ್ಸ್. ಅವಳ ಅಪ್ಪ ಅಮ್ಮ ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬಂದವರು. ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಲೈನ್ ಬಿಟ್ಟು ಹೋದರು. ತವರೇ ಇಲ್ಲದವಳ ಬಾಗಿನದ ದಾರಿ ಯಾರನ್ನು ಕೇಳಲಿ? ಕಳೆದ ತಿಂಗಳು ಬಿಕ್ಕೋಡು ಕಡೆ ಆ ತೋಟದ ಲೆಕ್ಕ ಬರೆಯುತ್ತಿದ್ದ ಹಳೆಯ ರೈಟರ್ ಸಿಕ್ಕರು, ಎಂಬತ್ತನಾಲ್ಕು ವರ್ಷ. ‘ಕುಯ್ಲು ಮುಗಿಯಲಿ ತಾಯಿ, ಗೋಡೌನಿನ ಅಟ್ಟದ ಮೇಲೆ ಹಳೆಯ ಚೆಕ್‌ರೋಲ್ ಕಟ್ಟುಗಳಿವೆ, ಮ್ಯಾನೇಜರಿಗೆ ಹೇಳಿ ಇಳಿಸುತ್ತೇನೆ’ ಎಂದರು. ಚೆಕ್‌ರೋಲ್ ಎಂದರೆ ತೋಟದ ಆಳುಗಳ ಹಾಜರಿ ಪುಸ್ತಕ. ಅವಳ ಅಪ್ಪನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು ಅವರ ಕನ್ನಡಕದ ಡಬ್ಬಿಯಲ್ಲಿ ಇಟ್ಟು ಬಂದಿದ್ದೇನೆ.