ಅಳು ಬಂದರೆ ಎರಡು ಸಾಲು ಬಿಡಿ

ಅವ್ವ ತೀರಿಕೊಂಡದ್ದು ಆಗಸ್ಟ್‌ನಲ್ಲಿ. ಅಕ್ಟೋಬರ್‌ನ ಎರಡನೆಯ ಬುಧವಾರ ನಮ್ಮ ಚರ್ಚಿನ ಸಭೆಯ ಕ್ವಾಯರ್, ಅಂದರೆ ಹಾಡುವ ತಂಡ, ಕ್ರಿಸ್ಮಸ್ ಹಾಡುಗಳ ತಾಲೀಮು ಆರಂಭಿಸಿತು. ನಾನೂ ಹೋದೆ. ತಗ್ಗಿನ ದನಿಯ ಹೆಂಗಸರು ನಿಲ್ಲುವ ಆಲ್ಟೊ ಸಾಲಿನಲ್ಲಿ ಇಪ್ಪತ್ತಾರು ವರ್ಷ ಅವ್ವನ ಬಲಕ್ಕೆ ನಿಂತವಳು ನಾನು. ಆ ದಿನ ನನ್ನ ಎಡಕ್ಕೆ ಯಾರೂ ನಿಲ್ಲಲಿಲ್ಲ. ಗೌರವಕ್ಕೋ ಹೆದರಿಕೆಗೋ, ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ಎಲ್ಲರೂ ಆಚೆ ಸರಿದಿದ್ದರು. ಎರಡನೆಯ ಹಾಡಿನ ಮೂರನೆಯ ಸಾಲಿಗೆ ನನ್ನ ಗಂಟಲು ಕಟ್ಟಿತು. ಹಾಡು ಮಾತ್ರ ನಿಲ್ಲಲಿಲ್ಲ. ಆಗ ಸಿಟ್ಟು ಬಂತು. ಹಾಡು ಹಾಗೆ ನಿಲ್ಲದೆ ಹೋದದ್ದರ ಬೆಲೆ ತಿಳಿದದ್ದು ನವೆಂಬರ್‌ನಲ್ಲಿ.

ಮನೆಯಲ್ಲಿ ಸಾವಾದ ವರ್ಷ ಹಾಡಬೇಕೇ, ಬಿಡಬೇಕೇ ಎಂದು ಈಚೆಗೆ ನಾಲ್ಕೈದು ಜನ ನನ್ನನ್ನು ಕೇಳಿದ್ದಾರೆ. ನಾನು ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವವಳು, ಮನಶ್ಶಾಸ್ತ್ರ ಓದಿದವಳಲ್ಲ. ಮನೆ ಧಾರವಾಡದಲ್ಲಿ. ಆ ವರ್ಷ ಮನೆಯಲ್ಲಿದ್ದವರು ಗಂಡ, ದ್ವಿತೀಯ ಪಿಯುಸಿಯ ಮಗ, ಆರನೆಯ ತರಗತಿಯ ಮಗಳು, ಅವ್ವ ಹೋದ ಮೇಲೆ ನಮ್ಮಲ್ಲಿಗೆ ಬಂದ ಎಂಬತ್ತೊಂದು ವರ್ಷದ ಅಪ್ಪ. ಇಷ್ಟರ ನಡುವೆ ನನಗೆ ಯಾವುದು ಒದಗಿತು, ಯಾವುದು ಕೈಕೊಟ್ಟಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲು, ಕ್ವಾಯರ್ ನಡೆಸುವವರನ್ನು ತಾಲೀಮಿಗೆ ಮುಂಚೆಯೇ ಒಬ್ಬರೇ ಹೋಗಿ ಕಾಣಿ. ‘ಆದರೆ ಬರುತ್ತೇನೆ’ ಎಂಬ ಮಾತು ಬೇಡ. ಅದರಿಂದ ಅವರಿಗೂ ಲೆಕ್ಕ ಸಿಗುವುದಿಲ್ಲ, ನಿಮಗೂ ಪ್ರತಿ ಬುಧವಾರ ಹೊಸದಾಗಿ ತೀರ್ಮಾನ ಮಾಡುವ ಕಾಟ ತಪ್ಪುವುದಿಲ್ಲ. ಏನು ಬೇಕು, ಏನು ಬೇಡ ಎಂಬುದನ್ನು ಸಾಮಾನಿನ ಚೀಟಿಯಂತೆ ಹೇಳಿಬಿಡಿ. ನಾನು ಕೇಳಿದ್ದು ಮೂರು. ಈ ವರ್ಷ ಒಬ್ಬಳೇ ಹಾಡುವ ಭಾಗ ಬೇಡ. ಶವಸಂಸ್ಕಾರಕ್ಕೆ ಹಾಡಲು ಕರೆಯಬೇಡಿ. ತಾಲೀಮಿನ ನಡುವೆ ನಾನು ಎದ್ದು ಹೊರಗೆ ಹೋದರೆ ಹಿಂದೆ ಯಾರನ್ನೂ ಕಳಿಸಬೇಡಿ.

ಮೂರನೆಯದು ನಿಮಗೆ ಚಿಕ್ಕದೆನಿಸಬಹುದು. ಅಳುತ್ತ ಹೊರಗೆ ಹೋದವಳ ಹಿಂದೆ ನೀರಿನ ಬಾಟಲಿ ಹಿಡಿದು ಓಡಿ ಬರುವ ಒಬ್ಬರು ಪ್ರತಿ ಕ್ವಾಯರ್‌ನಲ್ಲೂ ಇರುತ್ತಾರೆ. ಒಳ್ಳೆಯ ಜನ. ಆದರೆ ಅವರು ಬಂದ ಮೇಲೆ ನಿಮ್ಮ ಅಳುವನ್ನು ಬದಿಗಿಟ್ಟು ಅವರಿಗೆ ಸಮಾಧಾನ ಹೇಳಬೇಕಾಗುತ್ತದೆ.

ಎರಡನೆಯದನ್ನು ನಾನೇ ಮುರಿದೆ. ನವೆಂಬರ್‌ನಲ್ಲಿ ಸಭೆಯ ಹಿರಿಯರೊಬ್ಬರು ತೀರಿಕೊಂಡಾಗ ದಾಕ್ಷಿಣ್ಯಕ್ಕೆ ಬಿದ್ದು ಸಮಾಧಿಯ ಬಳಿ ಹಾಡಲು ಹೋದೆ. ಅಲ್ಲಿ ಒಂದು ಹನಿಯೂ ಬರಲಿಲ್ಲ. ಪಾಠ ಒಪ್ಪಿಸುವ ಹಾಗೆ ಚೆನ್ನಾಗಿಯೇ ಹಾಡಿದೆ. ಮನೆಗೆ ಬಂದು, ಕಂಪಾಸ್ ಪೆಟ್ಟಿಗೆ ಕಳೆದುಕೊಂಡದ್ದಕ್ಕೆ ಮಗಳಿಗೆ ಅವಳು ಎಂದೂ ಕೇಳದ ಮಾತುಗಳಲ್ಲಿ ಬೈದೆ. ಮೊದಲ ವರ್ಷ ಬೇರೆಯವರ ಮಣ್ಣಿಗೆ ಹೋಗಿ, ನಿಂತು ಬನ್ನಿ. ಹಾಡಲು ಹೋಗಬೇಡಿ.

ಇನ್ನು ಗಂಟಲಿನ ವಿಷಯ. ಅಳು ಬಂದಾಗ ದೇಹಕ್ಕೆ ಹೆಚ್ಚು ಗಾಳಿ ಬೇಕಾಗುತ್ತದೆ, ಅದಕ್ಕಾಗಿ ಗಂಟಲಿನೊಳಗಿನ ಬಾಗಿಲು ತೆರೆದೇ ಇರಲು ನೋಡುತ್ತದೆ. ನಾವು ಅಳು ನುಂಗಲು ಹೋಗುತ್ತೇವೆ, ನುಂಗಬೇಕಾದರೆ ಅದೇ ಬಾಗಿಲು ಮುಚ್ಚಬೇಕು. ಈ ಎಳೆದಾಟವೇ ನಮಗೆ ಗಂಟು ಸಿಕ್ಕಿಕೊಂಡಂತೆ ಅನಿಸುವುದು. ಆ ಹೊತ್ತಿನಲ್ಲಿ ಬಲವಂತವಾಗಿ ಸ್ವರ ಎಬ್ಬಿಸಿದರೆ ಶ್ರುತಿ ಕೆಡುತ್ತದೆ, ಅಳುವೂ ಹೆಚ್ಚುತ್ತದೆ. ಬಾಯಿ ಮುಚ್ಚಿ. ದವಡೆ ಸಡಿಲ ಬಿಡಿ. ಇದ್ದ ಉಸಿರನ್ನೆಲ್ಲ ಮೂಗಿನಿಂದ ನಿಧಾನವಾಗಿ ಹೊರಗೆ ಬಿಡಿ. ಕೂತವರಲ್ಲಿ ಪರಿಚಿತರ ಮುಖ ಹುಡುಕಬೇಡಿ, ಹಾಡಿಸುವವರ ಕೈಯನ್ನು ಮಾತ್ರ ನೋಡಿ. ಎರಡು ಸಾಲು ಹೋಗಲಿ. ಮೂರನೆಯ ಸಾಲಿನ ಮೊದಲ ಪದಕ್ಕೆ ಅರ್ಧ ದನಿಯಲ್ಲಿ ಸೇರಿಕೊಳ್ಳಿ.

ಕ್ವಾಯರ್‌ನಲ್ಲಿ ಹಾಡುವವರಿಗೆ ಇದು ಹೊಸತೇನೂ ಅಲ್ಲ. ಉದ್ದ ಸ್ವರ ಹಿಡಿಯುವಾಗ ನಾವು ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುವುದಿಲ್ಲವಲ್ಲ? ಪಕ್ಕದವಳು ತೆಗೆದುಕೊಳ್ಳುವಾಗ ನಾನು ಹಿಡಿದಿರಬೇಕು. ನನಗೆ ಸಾಲದೆ ಬಂದಾಗ ಸ್ವರವನ್ನು ಮೆಲ್ಲಗೆ ಇಳಿಸಿ, ಉಸಿರು ತುಂಬಿಕೊಂಡು, ಬಂದದ್ದು ತಿಳಿಯದ ಹಾಗೆ ಮತ್ತೆ ಸೇರಿಕೊಳ್ಳಬೇಕು. ಕೂತವರಿಗೆ ಕೇಳುವುದು ಎಲ್ಲೂ ಕಡಿಯದ ಒಂದೇ ನಾದ. ಉಸಿರಿಗೆ ಮಾಡುವುದನ್ನು ಅಳುವಿಗೂ ಮಾಡಿ, ಅಷ್ಟೇ. ಆದರೆ ಒಂದು ಷರತ್ತು: ನಿಮ್ಮ ಸಾಲಿನಲ್ಲಿ ನಾಲ್ವರಾದರೂ ಇರಬೇಕು. ಇಬ್ಬರೇ ಇದ್ದರೆ, ಆ ವರ್ಷದ ಮಟ್ಟಿಗೆ ಎತ್ತರದ ದನಿಯ ಸೊಪ್ರಾನೊ ಗುಂಪಿನ ಅಂಚಿಗೆ ಹೋಗಿ ನಿಲ್ಲಿ. ರಾಗ ಅವರ ಹತ್ತಿರವೇ ಇರುವುದರಿಂದ ಒಬ್ಬರು ಬಿಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. ಎತ್ತರದ ಸ್ವರ ಬಂದಾಗ ತುಟಿ ಆಡಿಸಿ, ಪಾಪವಿಲ್ಲ.

‘ಇಷ್ಟು ಬೇಗ ಹಾಡಲು ಬಂದಳು’ ಎಂಬ ಮಾತು ನನ್ನ ಕಿವಿಗೂ ಬಿತ್ತು. ತಾಲೀಮಿನಲ್ಲಿ ಯಾವುದಕ್ಕೋ ನಕ್ಕದ್ದೂ ಸುದ್ದಿಯಾಯಿತು. ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಶುಟ್ ಎಂಬ ಇಬ್ಬರು ಸಂಶೋಧಕರು 1999ರಲ್ಲಿ ಬರೆದದ್ದನ್ನು ಆಪ್ತಸಮಾಲೋಚಕಿಯಾಗಿರುವ ಗೆಳತಿಯೊಬ್ಬಳು ನನಗೆ ಬಿಡಿಸಿ ಹೇಳಿದಳು. ಸಾವು ಕಂಡ ಮನಸ್ಸು ಕಳೆದುಕೊಂಡವರ ಕಡೆಗೊಮ್ಮೆ, ಇನ್ನು ನಡೆಸಬೇಕಾದ ಬದುಕಿನ ಕಡೆಗೊಮ್ಮೆ ತೂಗುತ್ತಲೇ ಇರುತ್ತದೆ, ನಡುನಡುವೆ ಎರಡರಿಂದಲೂ ಬಿಡುವು ಬೇಡುತ್ತದೆ, ಆ ತೂಗಾಟವೇ ಸಹಜ ಎಂದು. ನಕ್ಕ ದಿನ ಅವ್ವನನ್ನು ಮರೆತೆನೇ ಎಂಬ ಅಳುಕು ಅಲ್ಲಿಗೆ ಅರ್ಧ ಇಳಿಯಿತು. ಆದರೆ ವಾರಗಟ್ಟಲೆ ನಿದ್ದೆಯೇ ಇಲ್ಲ, ಊಟ ಸೇರುವುದಿಲ್ಲ, ಬದುಕುವುದೇ ಬೇಡ ಅನಿಸುತ್ತಿದೆ ಎಂದಾದರೆ ಹಾಡನ್ನು ನಂಬಿ ಕೂರಬೇಡಿ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಮನೆಯಲ್ಲಿ ತಾಲೀಮು ಮಾಡುವುದನ್ನು ನಾನು ಬಿಟ್ಟೆ. ಅಡುಗೆಮನೆಯಲ್ಲಿ ಆಲ್ಟೊ ಗುನುಗಿದರೆ ಅಪ್ಪ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಆಲ್ಟೊ ಎಂದರೆ ಬರಿಯ ರಾಗವಲ್ಲ. ರಾಗದ ಕೆಳಗೆ ಎರಡು ಮೂರು ಸ್ವರಗಳಲ್ಲೇ ಸುಳಿದಾಡುವ, ಒಂಟಿಯಾಗಿ ಕೇಳಿದರೆ ಯಾವ ಹಾಡೆಂದೇ ತಿಳಿಯದ ಎಳೆ. ನಮ್ಮ ಮನೆಯಲ್ಲಿ ಆ ಎಳೆ ಕೇಳಿದರೆ ಅದು ಅವ್ವ ರೊಟ್ಟಿ ಬಡಿಯುವ ಹೊತ್ತು. ಹಾಗಾಗಿ ತಾಲೀಮನ್ನು ಚಿಗರಿ ಬಸ್ಸಿಗೆ ಸಾಗಿಸಿದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ಬಸ್ಸಿಗೆ ತನ್ನದೇ ದಾರಿ ಇರುವುದರಿಂದ ಹಾರ್ನ್ ಗದ್ದಲ ಕಡಿಮೆ. ನಿಮ್ಮ ಭಾಗವನ್ನು ಪಿಯಾನೊದಲ್ಲಿ ನುಡಿಸಿ ಮೊಬೈಲಿಗೆ ಕಳಿಸಲು ಕ್ವಾಯರ್ ನಡೆಸುವವರಿಗೆ ಹೇಳಿ, ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಹೋಗುವಾಗ ಎರಡು ಸಲ, ಬರುವಾಗ ಎರಡು ಸಲ ಕೇಳಿ. ವಾರಕ್ಕೆ ಐದು ದಿನ ಹೀಗೆ ಕೇಳಿದರೆ ಮನೆಯಲ್ಲಿ ಬಾಯಿ ತೆರೆಯಬೇಕಿಲ್ಲ. ಹಳೆಯ ತಾಲೀಮಿನ ಧ್ವನಿಮುದ್ರಣಗಳನ್ನು ಮಾತ್ರ ಬಸ್ಸಿನಲ್ಲಿ ತೆರೆಯಬೇಡಿ. ಒಂದು ಸಂಜೆ ನಾನು ತೆರೆದೆ. ಹಾಡು ಶುರುವಾಗುವ ಮುಂಚೆ ಅವ್ವ ಯಾರಿಗೋ ‘ಫ್ಯಾನ್ ಆರಿಸು’ ಎಂದದ್ದು ಅದರಲ್ಲಿತ್ತು. ಅಷ್ಟನ್ನೇ ಮತ್ತೆ ಮತ್ತೆ ಕೇಳುತ್ತ ನಾನು ಇಳಿಯಬೇಕಾದ ನಿಲ್ದಾಣ ದಾಟಿತು.

ಬುಧವಾರದ ಊಟ ನಮ್ಮ ಮನೆಯ ದೊಡ್ಡ ಜಗಳ. ತಾಲೀಮು ಏಳರಿಂದ ಎಂಟೂವರೆ. ಆರಿದ ರೊಟ್ಟಿಯನ್ನು ನೋಡಿ ಅಪ್ಪ ‘ಬುಧವಾರ ಬಂತೆಂದರೆ ನನಗೆ ಉಪವಾಸ’ ಎಂದರು. ಅದು ರೊಟ್ಟಿಯ ಮಾತಲ್ಲ ಎಂದು ನನ್ನ ಗಂಡ ವಿವರಿಸಲು ಬಂದರು. ಇರಬಹುದು. ಆದರೆ ನನಗೆ ಪರಿಹಾರ ಸಿಕ್ಕಿದ್ದು ಅದನ್ನು ರೊಟ್ಟಿಯ ಮಾತೆಂದೇ ತಿಳಿದಾಗ. ಬುಧವಾರಕ್ಕೆ ಕಡಕ್ ರೊಟ್ಟಿ ಎಂದು ಗೊತ್ತುಮಾಡಿದೆ. ಅದು ತಿಂಗಳಾದರೂ ಕೆಡುವುದಿಲ್ಲ, ಆರುವ ಪ್ರಶ್ನೆಯೇ ಇಲ್ಲ. ಅಪ್ಪನದು ಕಟ್ಟಿಸಿದ ಹಲ್ಲು, ಕಡಕ್ ರೊಟ್ಟಿ ನಡೆಯದು. ಅದಕ್ಕೆ ಮಗ ಏಳೂವರೆಗೆ ಪುಸ್ತಕದಿಂದ ಎದ್ದು, ಬೇಳೆ ಸಾರು ಕುದಿಸಿ, ಅಜ್ಜನ ತಟ್ಟೆಯಲ್ಲಿ ರೊಟ್ಟಿ ಮುರಿದು ಅದರ ಮೇಲೆ ಸುರಿಯಬೇಕು, ಜೊತೆಗೆ ಶೇಂಗಾ ಚಟ್ನಿ, ಮೊಸರು. ಪರೀಕ್ಷೆಯ ವರ್ಷ ಮಗನಿಗೆ ಕೆಲಸ ಹಚ್ಚಿದಳೆಂದು ನೆರೆಯವರು ಅಂದುಕೊಂಡರು. ಇಪ್ಪತ್ತು ನಿಮಿಷ ಸಾರು ಕುದಿಸಿದರೆ ಯಾರೂ ನಪಾಸಾಗುವುದಿಲ್ಲ. ಅಜ್ಜ ಮೊಮ್ಮಗ ಆ ಹೊತ್ತಿನಲ್ಲಿ ಅಜ್ಜಿಯ ಬಗ್ಗೆ ಮಾತನಾಡುತ್ತಿದ್ದರೆಂದು ನನಗೆ ಗೊತ್ತಾದದ್ದು ತಿಂಗಳುಗಳ ಮೇಲೆ. ನಾನು ಮನೆಯಲ್ಲಿದ್ದಿದ್ದರೆ ಆಡುತ್ತಿರಲಿಲ್ಲವಂತೆ.

ಡಿಸೆಂಬರ್‌ನಲ್ಲಿ ಮನೆ ಮನೆಗೆ ಹೋಗಿ ಕ್ಯಾರಲ್ ಹಾಡುವ ರಾತ್ರಿಗಳು ಬರುತ್ತವೆ. ಎಲ್ಲದಕ್ಕೂ ಹೋಗಬೇಡಿ. ನಾನು ನಮ್ಮ ಓಣಿಯ ರಾತ್ರಿಗೆ ಮಾತ್ರ ಹೋದೆ. ನಮ್ಮ ಮನೆ ಬಂದಾಗ ಗುಂಪಿನಿಂದ ಹೊರಗೆ ಬಂದು ಬಾಗಿಲಲ್ಲಿ ಅಪ್ಪನ ಪಕ್ಕ ನಿಂತು ಕೇಳಿದೆ.

ಈಗ ಅವ್ವನ ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ವಿಷಯ. ಅವ್ವನ ನೂಲಿನ ಸೀರೆಗಳು ಹದಿನೆಂಟಿದ್ದವು. ಸೆಪ್ಟೆಂಬರ್‌ನಲ್ಲೇ ಕತ್ತರಿ ಹಿಡಿದು ಕೂತೆ. ತಪ್ಪು ಅಲ್ಲೇ ಆಯಿತು. ಕಂದು ಅಂಚಿನ ಹಸಿರು ಸೀರೆಯನ್ನು ನಾಲ್ಕು ಪಾಲು ಮಾಡಿದ ಮೇಲೆ, ಬೆಳಗಾವಿಯ ತಂಗಿ ಅದೊಂದನ್ನು ತನಗೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೆಂದು ತಿಳಿಯಿತು. ಮೂರು ವಾರ ಫೋನ್ ಎತ್ತಲಿಲ್ಲ. ಆದ್ದರಿಂದ ಮೂರು ತಿಂಗಳು ಯಾವುದನ್ನೂ ಕತ್ತರಿಸಬೇಡಿ. ಎಲ್ಲ ಸೀರೆಗಳನ್ನೂ ಮಂಚದ ಮೇಲೆ ಹರಡಿ ಫೋಟೊ ತೆಗೆದು ಒಡಹುಟ್ಟಿದವರಿಗೆಲ್ಲ ಕಳಿಸಿ, ಯಾರಿಗೆ ಯಾವುದು ಎಂದು ಬರೆದು ಹೇಳಲು ತಿಳಿಸಿ. ಬಾಯಿಮಾತು ಬೇಡ. ಬೇಡವಾದವು ಮಾತ್ರ ಕೌದಿಗೆ.

ಕೌದಿಗೆ ತೆಗೆದಿಟ್ಟ ಸೀರೆಗಳನ್ನು ಮೊದಲು ಒಗೆದು ಒಣಗಿಸಿ, ಬಣ್ಣ ಬಿಡುವುದು ಅಲ್ಲೇ ಬಿಡಲಿ. ರೇಷ್ಮೆ ಬೆರೆಸಬೇಡಿ, ನೂಲಿನ ಜೊತೆ ಅದು ಒಗೆತಕ್ಕೆ ಹೊಂದುವುದಿಲ್ಲ. ಅಡಿಗೆ ಒಂದು ಇಡೀ ಸೀರೆ, ಮೇಲೆ ತುಂಡುಗಳು, ದಪ್ಪ ನೂಲು, ಉದ್ದನೆಯ ಸೂಜಿ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಹೊಲಿಯಲು ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ತುಂಡುಗಳನ್ನೂ ಹಾಗೆಯೇ ದಾರಿಯಲ್ಲಿ ಒಂದೊಂದಾಗಿ ಸೇರಿಸಿಕೊಳ್ಳುತ್ತಾರೆ, ಕೊನೆಗೆ ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ. ದುಃಖದ ಮನೆಗೆ ಈ ಕ್ರಮವೇ ಅನುಕೂಲ. ಮುಂಚೆಯೇ ಇಡೀ ವಿನ್ಯಾಸ ಯೋಚಿಸಬೇಕಿಲ್ಲ, ಮುಂದಿನ ತುಂಡು ಯಾವುದೆಂದರೆ ಸಾಕು. ರಾತ್ರಿ ಒಂದು ಎಳೆ ದಾರ ಮುಗಿಯುವವರೆಗೆ ಹೊಲಿಯಿರಿ. ಎರಡನೆಯ ಎಳೆ ಪೋಣಿಸಿದರೆ ಮರುದಿನ ಬಸ್ಸಿನಲ್ಲಿ ತೂಕಡಿಕೆ. ವರ್ಷದ ಸ್ಮರಣಾ ಕೂಟಕ್ಕೆ ಮುಗಿಸುತ್ತೇನೆಂದು ಯಾರಿಗೂ ಮಾತು ಕೊಡಬೇಡಿ. ನಾನು ಕೊಟ್ಟಿದ್ದೆ. ನನ್ನದು ಇನ್ನೂ ಕಾಲು ಭಾಗ ಉಳಿದಿದೆ.

ಹಾಡು, ಕೌದಿ ಎರಡಕ್ಕೂ ಸಮಯವಿಲ್ಲ, ಒಂದನ್ನು ಆರಿಸಿಕೊಳ್ಳಬೇಕು ಎಂದರೆ? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹಾಡುವ ತರಗತಿಗಳನ್ನು ಕರಕುಶಲ ಮತ್ತು ಬರವಣಿಗೆಯ ತರಗತಿಗಳೊಂದಿಗೆ ಏಳು ತಿಂಗಳು ಹೋಲಿಸಿ ನೋಡಿದ್ದರು. ಕೊನೆಗೆ ಎಲ್ಲ ಗುಂಪುಗಳಲ್ಲೂ ಜನ ಹತ್ತಿರವಾಗಿದ್ದರು, ಆದರೆ ಬೇಗ ಹತ್ತಿರವಾದವರು ಹಾಡಿದವರು. ನನ್ನ ಅನುಭವವೂ ಅದೇ. ಜನ ಬೇಕೆನಿಸುವ ತಿಂಗಳುಗಳಲ್ಲಿ ಹಾಡು, ಯಾರೂ ಬೇಡವೆನಿಸುವ ತಿಂಗಳುಗಳಲ್ಲಿ ಸೂಜಿ. ಮಾರ್ಚ್‌ನಲ್ಲಿ ಮಗನ ಪರೀಕ್ಷೆ ಬಂದಾಗ ಎರಡನ್ನೂ ಕಟ್ಟಿಟ್ಟೆ, ಈಸ್ಟರ್ ಹಾಡುಗಳನ್ನು ಸಭೆಯಲ್ಲಿ ಕೂತೇ ಹಾಡಿದೆ.

ನನ್ನ ಎಡಗಡೆಯ ಜಾಗಕ್ಕೆ ಬರುತ್ತೇನೆ. ಆ ಜಾಗವನ್ನು ಖಾಲಿ ಇಟ್ಟು ಪೂಜಿಸಬೇಡಿ, ಬೇಗ ಯಾರನ್ನಾದರೂ ನಿಲ್ಲಿಸಿಕೊಳ್ಳಿ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರಗಳಾದ ಅಡ್ವೆಂಟ್‌ನ ಮೊದಲ ವಾರ ಅಲ್ಲಿಗೆ ಬಂದವಳು ನರ್ಸಿಂಗ್ ಓದುವ ಹುಡುಗಿ, ಹಾಸ್ಟೆಲ್‌ನಲ್ಲಿರುವವಳು. ಶ್ರುತಿ ಒಂದಿಷ್ಟು ಮೇಲೆ, ದನಿ ಇನ್ನೊಂದಿಷ್ಟು ಮೇಲೆ. ಮೊದಲ ತಾಲೀಮಿನುದ್ದಕ್ಕೂ ಮನಸ್ಸಿನಲ್ಲೇ ಅವಳನ್ನು ಬೈದೆ. ಅವಳ ಬಳಿ ಹಾಡಿನ ಪ್ರತಿ ಇರಲಿಲ್ಲ. ನನ್ನ ಕೈಯಲ್ಲಿದ್ದದ್ದು ಅವ್ವನದು. ಮಡಿಕೆಗಳಲ್ಲಿ ಹರಿಯಲು ಬಂದ ಜೆರಾಕ್ಸ್ ಹಾಳೆ, ಮೂಲೆಯಲ್ಲಿ ಒಗ್ಗರಣೆಯ ಎಣ್ಣೆಯ ಕಲೆ, ಉಸಿರು ತೆಗೆದುಕೊಳ್ಳುವಲ್ಲೆಲ್ಲ ಪೆನ್ಸಿಲಿನ ಸಣ್ಣ ಗೀಟು. ಮೂರನೆಯ ಸಾಲಿನ ಕೆಳಗೆ ‘ಇಲ್ಲಿ ಉಸಿರು ಬೇಡ’ ಎಂದು ಬರೆದು ಎರಡು ಸಲ ಅಡಿಗೆರೆ ಎಳೆದಿದ್ದಳು. ಆ ಸಾಲನ್ನು ಒಂದೇ ಉಸಿರಿನಲ್ಲಿ ಹಾಡಲು ನನಗೆ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಆಗಿಲ್ಲ.

ಹಾಳೆಯನ್ನು ಇಬ್ಬರ ನಡುವೆ ಹಿಡಿದೆ. ಹುಡುಗಿ ಓದಿ, ನನ್ನ ಕಿವಿಯ ಹತ್ತಿರ ಬಗ್ಗಿ, ‘ಆಂಟಿ, ಇಲ್ಲಿ ನನಗೆ ಸಾಲುವುದಿಲ್ಲ. ನಾನು ತೆಗೆದುಕೊಳ್ಳಲೇ, ನೀವು ತೆಗೆದುಕೊಳ್ಳುತ್ತೀರಾ?’ ಎಂದಳು.

‘ನೀನು ಮೊದಲು ತಗೋ’ ಎಂದೆ. ‘ಅಲ್ಲಿಯವರೆಗೆ ನಾನು ಹಿಡಿದಿರುತ್ತೇನೆ.’